ರಾತ್ರಿ ನಾಯಿಯನ್ನು ಅಂಗಳದಲ್ಲಿ ಬಿಡಬೇಡಿ

ಮಲೆನಾಡಿನ ಮನೆಗಳಲ್ಲಿ ನಾಯಿ ಕಾಣೆಯಾದರೆ ಬರುವ ಮಾತು ಒಂದೇ: "ಕುರ್ಕ ಹೊತ್ಕೊಂಡು ಹೋಯ್ತು ಮಾರಾಯ್ರೆ." ಕುರ್ಕ ಎಂದರೆ ಚಿರತೆ. ಅಲ್ಲಿಗೆ ಮಾತು ಮುಗಿಯಿತು. ಸ್ವಲ್ಪ ದಿನಕ್ಕೆ ಇನ್ನೊಂದು ಮರಿ ಬರುತ್ತದೆ, ಎಷ್ಟೋ ಸಲ ಅದಕ್ಕೂ ಸತ್ತ ನಾಯಿಯ ಹೆಸರೇ. ಚಿರತೆ ಇರುವ ಊರಿನಲ್ಲಿ ಇದೆಲ್ಲ ಸಹಜ ಎನ್ನುತ್ತಾರೆ. ಚಿರತೆ ಬರುವುದು ಸಹಜ, ಒಪ್ಪುತ್ತೇನೆ. ಅದು ಬರುತ್ತದೆಂದು ಗೊತ್ತಿದ್ದೂ ನಾಯಿಯನ್ನು ಕಂಬಕ್ಕೆ ಕಟ್ಟಿ, ಬಾಗಿಲು ಹಾಕಿ, ನಾವು ಒಳಗೆ ಮಲಗುವುದನ್ನು ಮಾತ್ರ ಸಹಜ ಎಂದು ಒಪ್ಪಲಾರೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಹಿತ್ತಿಲು ದಾಟಿದರೆ ಅಡಿಕೆ ತೋಟ, ತೋಟದ ತಲೆಗೆ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಅದರಾಚೆ ಕಾಡು. ಎಲ್ಲಿ ಯಾವುದು ಮುಗಿಯಿತು ಎಂದು ಗೆರೆ ಎಳೆದು ತೋರಿಸಲು ನಮಗೇ ಆಗುವುದಿಲ್ಲ, ಪ್ರಾಣಿಗಳಿಗೆ ಹೇಗೆ ಆದೀತು? ಈ ಜಾಗದಲ್ಲಿ ನಮ್ಮ ಕೆಂಚಿ ಬೆಳೆದಳು. ಅಪ್ಪಟ ಊರುನಾಯಿ, ಕೆಂಪು ಮೈ, ಬಾಲದ ತುದಿ ಮಾತ್ರ ಬಿಳಿ. ಹಿತ್ತಿಲಿಗೆ ಯಾರು ಬಂದಿದ್ದಾರೆ ಎನ್ನುವುದು ಅವಳ ಬೊಗಳುವಿಕೆಯಲ್ಲೇ ನಮಗೆ ತಿಳಿಯುತ್ತದೆ. ಮಂಗನಿಗಾದರೆ ತಲೆ ಮೇಲೆತ್ತಿ, ಓಡುತ್ತಾ, ಬಿಡದೆ ಬೊಗಳುತ್ತಾಳೆ. ಹಾವಿಗಾದರೆ ಒಂದೇ ಕಡೆ ನಿಂತು, ಹಿಂದೆ ಮುಂದೆ ಜಿಗಿಯುತ್ತಾ, ತುಂಡು ತುಂಡಾಗಿ. ಹಲಸಿನ ಮರದ ಮೇಲೆ ಕಬ್ಬೆಕ್ಕು ಇದ್ದರೆ ಬುಡದಲ್ಲಿ ಕೂತು ಗೋಗರೆಯುವ ದನಿ. ಚಿರತೆ ಹತ್ತಿರ ಬಂದಿದ್ದರೆ ಬೊಗಳುವುದೇ ಇಲ್ಲ. ಗಂಟಲಲ್ಲೇ ಒಂದು ಗುರ್ ಎನ್ನುವ ಸದ್ದು, ಬಾಲ ಹೊಟ್ಟೆಗೆ ಅಂಟಿಸಿಕೊಂಡು ನಮ್ಮ ಕಾಲ ಬುಡಕ್ಕೆ ಬರುತ್ತಾಳೆ. ನಮ್ಮ ಅತ್ತೆ ಆ ಸದ್ದು ಕೇಳಿದ ಕೂಡಲೇ ಕೊಟ್ಟಿಗೆ ಬಾಗಿಲು ನೋಡಲು ಏಳುತ್ತಾರೆ.

ಚಿಕ್ಕಪುಟ್ಟ ಭೇಟಿಗಳು ದಿನವೂ ಇದ್ದದ್ದೇ. ಮಳೆಗಾಲದಲ್ಲಿ ಬಚ್ಚಲ ಬಳಿ ಕೂರುವ ದೊಡ್ಡ ನೆಲಗಪ್ಪೆಯನ್ನು ಬಾಯಿಗೆ ಹಾಕಿಕೊಂಡರೆ ನಾಯಿಗೆ ಕೂಡಲೇ ನೊರೆ ಬರುತ್ತದೆ. ಅದರ ಕಿವಿಯ ಹಿಂದಿನ ಗ್ರಂಥಿಗಳಲ್ಲಿ ವಿಷವಿದೆ. ನೀರು ಗಂಟಲಿಗೆ ಇಳಿಯದ ಹಾಗೆ ನಾಯಿಯ ತಲೆ ತಗ್ಗಿಸಿ ಬಾಯಿ ತೊಳೆಯಬೇಕು. ನಡುಕ ಶುರುವಾದರೆ ಕಾಯಬಾರದು, ಡಾಕ್ಟರ ಹತ್ತಿರ ಹೋಗಬೇಕು. ಮುಳ್ಳುಹಂದಿ ಬಾಣದ ಹಾಗೆ ಮುಳ್ಳು ಎಸೆಯುತ್ತದೆ ಎಂದು ಈಗಲೂ ನಂಬುವವರಿದ್ದಾರೆ. ಎಸೆಯುವುದಿಲ್ಲ. ಮುಳ್ಳು ನಿಗುರಿಸಿ, ಬಾಲ ಅಲುಗಿಸಿ ಗಲಗಲ ಸದ್ದು ಮಾಡಿ ಮೊದಲು ಎಚ್ಚರಿಸುತ್ತದೆ. ಆಮೇಲೂ ಬಿಡದಿದ್ದರೆ ಹಿಮ್ಮುಖವಾಗಿ ನುಗ್ಗುತ್ತದೆ. ಮೂತಿಯಲ್ಲಿ, ಎದೆಯಲ್ಲಿ ಮುಳ್ಳು ನೆಟ್ಟುಕೊಂಡು ಬಂದ ನಾಯಿಯನ್ನು ನೋಡಿದವರಿಗೆ ಆ ನೋವು ಗೊತ್ತು. ಆಳಕ್ಕೆ ಹೋದ ಮುಳ್ಳನ್ನು ಮನೆಯಲ್ಲಿ ಇಕ್ಕಳ ಹಿಡಿದು ಎಳೆಯಬೇಡಿ. ಒಳಗೆ ಮುರಿದರೆ ಕೀವಾಗುತ್ತದೆ.

ಹಾವಿನದು ಬೇರೆಯೇ ಲೆಕ್ಕ. ನಾಯಿ ಮೂಸಿ ನೋಡುವ ಪ್ರಾಣಿ, ಹಾಗಾಗಿ ಕಡಿತ ಮುಖಕ್ಕೆ ಇಲ್ಲವೇ ಮುಂಗಾಲಿಗೆ ಬೀಳುವುದೇ ಹೆಚ್ಚು. ಕೊಳಕುಮಂಡಲವಾದರೆ ಆ ಜಾಗ ಬೇಗ ಊದಿಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ನಾಗರವಾದರೆ ನಡಿಗೆ ತಪ್ಪುತ್ತದೆ, ಉಸಿರಾಟ ಕುಸಿಯುತ್ತದೆ. ಮನುಷ್ಯರಿಗೆ ಕೊಡುವ ಹಾವಿನ ವಿಷದ ಮದ್ದು ಆ್ಯಂಟಿವೆನಮ್ ಅನ್ನೇ ನಾಯಿಗೂ ಕೊಡುತ್ತಾರೆ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ 4 ಹಾವುಗಳ ವಿಷಕ್ಕೆಂದು ತಯಾರಾದದ್ದು. ನಮ್ಮ ಘಟ್ಟದ ಕುಳಿಮಂಡಲಗಳಿಗಾಗಲಿ ಕಾಳಿಂಗಕ್ಕಾಗಲಿ ಅಲ್ಲ. ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಅದು ಸಿಗುತ್ತದೆಯೇ, ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಇವತ್ತೇ ಕೇಳಿಟ್ಟುಕೊಳ್ಳಿ. ಕಚ್ಚಿದ ಮೇಲೆ ವಿಚಾರಿಸುತ್ತಾ ಕೂರಲು ಸಮಯ ಇರುವುದಿಲ್ಲ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ. ದಾರ ಬಿಗಿದು ಕಟ್ಟುವುದು, ಕೊಯ್ಯುವುದು, ಸೊಪ್ಪಿನ ರಸ ಹಿಂಡುವುದು ಯಾವುದೂ ಬೇಡ.

ಈಗ ಕುರ್ಕನ ವಿಷಯಕ್ಕೆ ಬರುತ್ತೇನೆ, ಇಷ್ಟು ಬರೆಯಲು ಕೂತದ್ದೇ ಅದಕ್ಕೆ.

ಚಿರತೆಗೆ ನಾಯಿ ಅಪರೂಪದ ಊಟವಲ್ಲ. ಮಹಾರಾಷ್ಟ್ರದ ಅಕೋಲೆಯಲ್ಲಿ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಹಿಕ್ಕೆ ಪರೀಕ್ಷಿಸಿದ ಸಂಶೋಧಕರಿಗೆ, ಅವುಗಳ ಆಹಾರದಲ್ಲಿ ಅತಿ ದೊಡ್ಡ ಪಾಲು ಊರಿನ ನಾಯಿಗಳದ್ದೇ ಎಂದು ಕಂಡುಬಂತು. ನಾಯಿ ಸಿಗುವ ಅಂಗಳಕ್ಕೆ ಚಿರತೆ ಮತ್ತೆ ಮತ್ತೆ ಬರುತ್ತದೆ. ಆಗ ಊರವರಿಗೆ ಹೆದರಿಕೆ, ಬೋನು ಇಡಿ ಎಂದು ಒತ್ತಾಯ. ಬೋನಿಗೆ ಬಿದ್ದ ಚಿರತೆ ಇನ್ನೆಲ್ಲೋ ಗುರುತಿಲ್ಲದ ಕಾಡಿಗೆ ಹೋಗುತ್ತದೆ. ಮಹಾರಾಷ್ಟ್ರದ್ದೇ ಆದ ಜುನ್ನಾರ್‌ನಲ್ಲಿ 2001ರಿಂದ ಹೀಗೆ ಹಿಡಿದು ಹಿಡಿದು ಬೇರೆ ಕಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅಂಗಳದಲ್ಲಿ ಬಿಟ್ಟ ನಾಯಿಯಿಂದ ಶುರುವಾದದ್ದು ಇಷ್ಟು ದೂರ ಹೋಗುತ್ತದೆ.

ಕಟ್ಟಿಹಾಕಿದ ನಾಯಿಯ ಸ್ಥಿತಿಯಂತೂ ಇನ್ನೂ ಕೆಟ್ಟದ್ದು. ಬಿಟ್ಟ ನಾಯಿಗೆ ಓಡುವ ಅವಕಾಶವಾದರೂ ಇದೆ, ಸರಪಳಿಯಲ್ಲಿರುವುದಕ್ಕೆ ಅದೂ ಇಲ್ಲ. ಕುತ್ತಿಗೆಗೆ ಕಬ್ಬಿಣದ ಮುಳ್ಳುಪಟ್ಟಿ ಹಾಕುವ ಪದ್ಧತಿ ನಮ್ಮಲ್ಲಿ ಹಳೆಯದು, ಅದರಿಂದ ಉಳಿದ ನಾಯಿಗಳೂ ಇವೆ. ಆದರೆ ಪಟ್ಟಿ ಕುತ್ತಿಗೆಯನ್ನಷ್ಟೇ ಕಾಯುತ್ತದೆ.

"ನಾಯಿ ಒಳಗಿದ್ದರೆ ಮನೆ ಕಾಯೋದು ಯಾರು?" ಎಂದು ಕೇಳುತ್ತಾರೆ. ನಾಯಿ ಕಾಯುವುದು ಮೂಗಿನಿಂದ, ಕಿವಿಯಿಂದ. ಕೊಟ್ಟಿಗೆಯ ಪಕ್ಕ ಜಾಲರಿಯ ಗೂಡಿನಲ್ಲಿದ್ದರೂ ಕೆಂಚಿಗೆ ಗೇಟಿನ ಹತ್ತಿರದ ಹೆಜ್ಜೆ ಕೇಳಿಸುತ್ತದೆ. ಮಡಿ ಇರುವ ಮನೆಯೊಳಗೆ ನಾಯಿ ಹೇಗೆ ಎನ್ನುವವರೂ ಇದ್ದಾರೆ. ಮನೆಯೊಳಗೇ ಬೇಕೆಂದು ನಾನು ಹೇಳುತ್ತಿಲ್ಲ. ಸೌದೆ ಕೊಟ್ಟಿಗೆಯ ಒಂದು ಮೂಲೆ, ಗಟ್ಟಿ ಬಾಗಿಲು, ಮೇಲೆ ಮುಚ್ಚಿಗೆ, ಇಷ್ಟು ಸಾಕು. ಅಡಿಕೆ ಒಣಗಿಸಲು ಅಂಗಳಕ್ಕೆಲ್ಲ ಶೀಟು ಹೊದಿಸುವ ನಮಗೆ ಒಂದು ನಾಯಿಯ ಗೂಡು ಭಾರವಾಗಬಾರದು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಏಕೆಂದರೆ ನಾಯಿಪ್ರೀತಿಯವರು ಇದನ್ನು ಹೇಳುವುದು ಕಡಿಮೆ. ರಾತ್ರಿ ಬಿಟ್ಟ ನಾಯಿ ಅಂಗಳದಲ್ಲಿ ಸುಮ್ಮನೆ ಕೂತಿರುವುದಿಲ್ಲ. ನಾಲ್ಕು ಮನೆಯ ನಾಯಿಗಳು ಸೇರಿದರೆ ಕಾಡುಕುರಿಯ ಮರಿ, ಮೊಲ, ನೆಲದಲ್ಲಿ ಮೊಟ್ಟೆಯಿಟ್ಟು ಕೂತ ಕಾಡುಕೋಳಿ, ನವಿಲು ಯಾವುದನ್ನೂ ಬಿಡುವುದಿಲ್ಲ. ಚಿಪ್ಪುಹಂದಿ ಹೆದರಿದರೆ ಓಡುವುದಿಲ್ಲ, ಉಂಡೆಯಾಗಿ ಸುತ್ತಿಕೊಂಡು ಬಿದ್ದಿರುತ್ತದೆ. ಸುತ್ತ ನಿಂತು ಬೊಗಳುವ ನಾಯಿಗಳ ಸದ್ದು ಹಿಡಿದು ಮನುಷ್ಯ ಬಂದರೆ ಅದರ ಕಥೆ ಮುಗಿದ ಹಾಗೆ. ಉಡದ ಬೇಟೆಗೆಂದೇ ನಾಯಿ ಪಳಗಿಸುವವರು ಈಗಲೂ ಇದ್ದಾರೆ. ಉಡ, ಚಿಪ್ಪುಹಂದಿ ಎರಡೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಅನುಸೂಚಿಯಲ್ಲಿವೆ. ನಾಯಿಗೆ ಆ ಕಾಯ್ದೆ ಗೊತ್ತಿಲ್ಲ, ಅದನ್ನು ಬಿಡುವವನಿಗೆ ಗೊತ್ತಿರಬೇಕು.

ರೋಗದ ಮಾತು ಇನ್ನೂ ಗಂಭೀರ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ಕಾಯಿಲೆಯ ವೈರಸ್ ಹರಡಿ ಅಲ್ಲಿನ ಸಿಂಹಗಳಲ್ಲಿ ಮೂರನೇ ಒಂದು ಭಾಗದಷ್ಟು ಸತ್ತವು. ಸುತ್ತಲಿನ ಹಳ್ಳಿಗಳ ನಾಯಿಗಳಲ್ಲಿ ಆ ವೈರಸ್ ಇತ್ತು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪತ್ತೆಯಾದದ್ದೂ ಅದೇ ವೈರಸ್. ನಮ್ಮ ಕಾಡಿನ ಸೀಳುನಾಯಿಗಳು ನಾಯಿಯ ಕುಟುಂಬದವೇ, ಅವಕ್ಕೂ ಅಪಾಯ ತಪ್ಪಿದ್ದಲ್ಲ. ಆದರೂ ಹಳ್ಳಿಗಳಲ್ಲಿ ಲಸಿಕೆ ಎಂದರೆ ಹೆಚ್ಚಿನವರಿಗೆ ರೇಬಿಸ್‌ನದು ಮಾತ್ರ, ಅದನ್ನೂ ಎಷ್ಟೋ ಮನೆಗಳಲ್ಲಿ ಮರಿಗೆ ಒಮ್ಮೆ ಹಾಕಿಸಿ ಮರೆಯುತ್ತಾರೆ. ಡಿಸ್ಟೆಂಪರ್, ವಾಂತಿಭೇದಿ ತರುವ ಪಾರ್ವೊ, ಇಲಿಜ್ವರಕ್ಕೆ ಸೇರಿಸಿ ಕೊಡುವ ಲಸಿಕೆ ಇದೆ. ಅದಕ್ಕೆ ದುಡ್ಡು ಖರ್ಚಾಗುತ್ತದೆ, ಆಗಲಿ.

ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು ಇನ್ನೊಂದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆಗೆ ನಮ್ಮ ತಾಲೂಕಿನವರೂ ಜೀವ ತೆತ್ತಿದ್ದಾರೆ. ಬೇಸಿಗೆಯಲ್ಲಿ ದರಗಿಗೆ, ಅಂದರೆ ಒಣಗಿದ ಎಲೆ ತರಲು ಹೋಗುವವರು ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಅದೇ ದರಗಿನಲ್ಲಿ ಹೊರಳಾಡಿ ಬಂದ ನಾಯಿ ಜಗಲಿಯಲ್ಲಿ ಮಕ್ಕಳ ಪಕ್ಕ ಮಲಗುತ್ತದೆ. ಬೇಸಿಗೆ ಮುಗಿಯುವವರೆಗೆ ಕೆಂಚಿಯನ್ನು ಬೆಟ್ಟಕ್ಕೆ ಬಿಡುವುದಿಲ್ಲ, ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡುತ್ತೇವೆ. ಸಿಕ್ಕ ಉಣುಗನ್ನು ಬೆರಳಲ್ಲಿ ಹಿಸುಕಬೇಡಿ, ಚಿಮಟದಲ್ಲಿ ಬುಡಕ್ಕೆ ಹಿಡಿದು ತೆಗೆಯಿರಿ.

ಹಗಲು ಅವಳದು. ಮಂಗ ಓಡಿಸಲಿ, ಅಳಿಲಿನ ಹಿಂದೆ ತೋಟವೆಲ್ಲ ಸುತ್ತಲಿ, ಕೇರೆಹಾವು ಕಂಡು ಊರೆಲ್ಲ ಎಬ್ಬಿಸಲಿ. ಕತ್ತಲಾಗುವ ಹೊತ್ತಿಗೆ ಊಟ ಗೂಡಿನೊಳಗೇ ಹಾಕುತ್ತೇವೆ, ಈಗ ಕರೆಯುವ ಮೊದಲೇ ಹೋಗಿ ಕೂತಿರುತ್ತಾಳೆ. ಗೂಡಿನ ಅಳತೆ, ಜಾಲರಿ ಎಷ್ಟು ದಪ್ಪದ್ದಿರಬೇಕು, ಚಿಲಕ ಎಲ್ಲಿ ಹಾಕಿಸಬೇಕು ಎಂದು ತಿಳಿಯಬೇಕಾದವರು ಕೇಳಿ. ನಮ್ಮೂರಿನ ವೆಲ್ಡಿಂಗ್ ಶಾಪಿನವರು ಬರೆದುಕೊಟ್ಟ ನಕ್ಷೆ ನನ್ನ ಹತ್ತಿರ ಇದೆ, ಕಳಿಸುತ್ತೇನೆ.