ಬ್ಯಾಟ್ರಿ ಹೋಗಿದೆ ಸಾರ್

ಟಿಕ್. ಟಿಕ್. ಟಿಕ್ ಟಿಕ್ ಟಿಕ್.

ಕಳೆದ ಸೋಮವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ನನ್ನ ಬೈಕ್ ಆಡಿದ ಮಾತು ಇಷ್ಟೇ. ಹೆಲ್ಮೆಟ್ ಹಾಕಿಯಾಗಿತ್ತು, ಬ್ಯಾಗು ಬೆನ್ನಿಗೇರಿತ್ತು, ಡಬ್ಬಿಯಲ್ಲಿ ಬಿಸಿಬೇಳೆಬಾತ್ ಇನ್ನೂ ಬಿಸಿಯಾಗಿತ್ತು. ಸೆಲ್ಫ್ ಬಟನ್ ಒತ್ತಿದರೆ ಸೀಟಿನ ಕೆಳಗಿನಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು. ನಿಜವಾದ ಹಲ್ಲಿಯಾಗಿದ್ದರೆ ಶಕುನ ಸರಿಯಿಲ್ಲ ಅಂತ ರಜೆ ಹಾಕಬಹುದಿತ್ತು. ಇದು ರಿಲೇ, ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚು. ಬ್ಯಾಟರಿಯಲ್ಲಿ ದಮ್ಮಿಲ್ಲದಾಗ ಮೋಟಾರ್ ತಿರುಗಿಸಲು ಆಗದೆ ಸುಮ್ನೆ ಬಾಯಿ ತೆರೆದು ಮುಚ್ಚುತ್ತಿರುತ್ತದೆ.

ನನ್ನದು 2009ರ ಬೈಕ್. ಕಿಕ್ಕರ್ ಇಲ್ಲ. ಕೊಂಡ ಹೊಸದರಲ್ಲಿ "ಇದಕ್ಕೆ ಕಿಕ್ಕರೇ ಇಲ್ಲ ಗೊತ್ತಾ" ಅಂತ ಊರೆಲ್ಲ ತೋರಿಸಿಕೊಂಡು ಬಂದವನು ನಾನು. ಈಗ ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಬೀದಿಯುದ್ದಕ್ಕೂ ತಳ್ಳಿಕೊಂಡು ಓಡಿ, ಧಬಕ್ಕಂತ ಸೀಟಿನ ಮೇಲೆ ಕೂತು ಕ್ಲಚ್ ಬಿಡುವವನೂ ನಾನೇ. ನಮ್ಮ ಬೀದಿ ಇಳಿಜಾರು, ದೇವರು ದೊಡ್ಡವನು. ಆದರೆ ಆಫೀಸಿನ ಬೇಸ್‌ಮೆಂಟಿನಿಂದ ಹೊರಗೆ ಬರುವ ದಾರಿ ಏರು. ಅಲ್ಲಿ ದೇವರ ಬದಲು ಸೆಕ್ಯುರಿಟಿಯವರನ್ನು ಕರೆಯಬೇಕು.

ಇದು ಒಂದೇ ದಿನದಲ್ಲಿ ಆಗಿದ್ದಲ್ಲ. ಎರಡು ವಾರದಿಂದ ಬೈಕು ಖರ್ಚು ಕಡಿಮೆ ಮಾಡುತ್ತಿತ್ತು. ತಿಂಗಳ ಕೊನೆಯ ವಾರದಲ್ಲಿ ಮನೆ ನಡೆಸುತ್ತೇವಲ್ಲ, ಹಾಗೆ. ಹಾರ್ನ್ ಒತ್ತಿದರೆ ಇಂಡಿಕೇಟರ್ ಕಣ್ಣು ಮುಚ್ಚುತ್ತಿತ್ತು. ಬ್ರೇಕ್ ಹಿಡಿದರೆ ಹಾರ್ನಿನ ಗಂಟಲು ಕಟ್ಟುತ್ತಿತ್ತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಾನು ಒಂದನ್ನು ಆರಿಸಿಕೊಳ್ಳಬೇಕಿತ್ತು: ತಿರುಗುತ್ತೇನೆ ಅಂತ ತೋರಿಸಬೇಕೋ, ಇದ್ದೇನೆ ಅಂತ ಕೂಗಬೇಕೋ. ಎರಡೂ ಬೇಕು ಅನ್ನುವುದು ದುರಾಸೆ.

ಇನ್ನು ನಮ್ಮ ಮೆಕ್ಯಾನಿಕ್. ಒಳ್ಳೆಯ ಮನುಷ್ಯ. ಕ್ಲಚ್ ಪ್ಲೇಟ್ ಕೆಲಸದಲ್ಲಿ ಅವನ ಕೈ ಬಂಗಾರ. ಆದರೆ ಕರೆಂಟಿನ ವಿಷಯ ಬಂತೆಂದರೆ ಅವನ ಹತ್ತಿರ ಇರುವುದು ಒಂದೇ ಉಪಕರಣ, ಅದೂ ನನ್ನದು. ಹಾರ್ನ್.

ಗಾಡಿ ನಿಲ್ಲಿಸಿದ ಕೂಡಲೇ ಅವನು ಕೈಯನ್ನು ಬನಿಯನ್ ಬಟ್ಟೆಗೆ ಒರೆಸಿಕೊಂಡು ಬರುತ್ತಾನೆ. ಕೀ ಆನ್ ಮಾಡುತ್ತಾನೆ. ಎಂಜಿನ್ ಸ್ಟಾರ್ಟ್ ಮಾಡುವುದಿಲ್ಲ. ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಅರೆ ಮುಚ್ಚಿ, ಹೆಬ್ಬೆಟ್ಟಿನಿಂದ ಹಾರ್ನ್ ಒತ್ತುತ್ತಾನೆ. ಪೀಂಂಂಂ. ನಾಡಿ ಹಿಡಿದ ಪಂಡಿತರ ಹಾಗೆ ನಿಂತಿರುತ್ತಾನೆ, ಬಿಡುವುದೇ ಇಲ್ಲ. ಎದುರಿನ ಬೇಕರಿಯವರು ತಲೆ ಎತ್ತಿ ನೋಡುತ್ತಾರೆ. ಪೀಂ ಹೋಗಿ ಮೇಂ ಆಗುತ್ತದೆ. ಅವನು ಇನ್ನಷ್ಟು ಗಮನ ಕೊಡುತ್ತಾನೆ. ಮೇಂ ಹೋಗಿ ಕ್ರಾ ಆಗುತ್ತದೆ. ಕೊನೆಗೆ ಸಂತೆಯಲ್ಲಿ ಮಾರದೇ ಉಳಿದ ಆಡಿನಂತೆ ಒಂದು ಸಲ ಕೊರಗಿ ನಿಂತುಹೋಗುತ್ತದೆ. ಆಗ ಕಣ್ಣು ತೆರೆದು, ಸಾವಿನ ಸುದ್ದಿ ಹೇಳುವವರ ತಗ್ಗಿದ ದನಿಯಲ್ಲಿ ಅನ್ನುತ್ತಾನೆ: "ಬ್ಯಾಟ್ರಿ ಹೋಗಿದೆ ಸಾರ್."

ಹೋಗದೆ ಇನ್ನೇನು? ಅಂಗಡಿಗೆ ಬರುವಾಗ ಅರೆಜೀವ ಇತ್ತು. ಉಳಿದ ಅರ್ಧ ಪರೀಕ್ಷೆಗೇ ಮುಗಿಯಿತಲ್ವಾ!

ಹೀಗೆ ನಾಲ್ಕು ವರ್ಷದಲ್ಲಿ ಮೂರು ಬ್ಯಾಟರಿ ಹಾಕಿಸಿದ್ದೇನೆ. ಸೋಮವಾರ ಅವನು ತೀರಿಕೊಂಡಿತು ಅಂದ ಮೂರನೆಯದಕ್ಕೆ ಬರೀ ನಾಲ್ಕು ತಿಂಗಳು. ಸಿಟ್ಟು ಬಂದು ವಾರಂಟಿ ಕಾರ್ಡಿನ ಜೊತೆ ಬ್ಯಾಟರಿ ಅಂಗಡಿಗೇ ಹೊತ್ತುಕೊಂಡು ಹೋದೆ. ಆತ ರಾತ್ರಿಯಿಡೀ ಚಾರ್ಜಿಗಿಟ್ಟು, ಮಾರನೇ ದಿನ ಪರೀಕ್ಷಿಸಿ, ಕಾರ್ಡನ್ನೂ ಬ್ಯಾಟರಿಯನ್ನೂ ವಾಪಸ್ ಕೊಟ್ಟ. "ಇದು ಚೆನ್ನಾಗೇ ಇದೆ. ಖಾಲಿಯಾಗಿತ್ತು ಅಷ್ಟೇ. ನಿಮ್ಮ ಗಾಡಿ ಇದಕ್ಕೆ ಊಟ ಹಾಕ್ತಿಲ್ಲ ನೋಡಿ." ನೂರು ರೂಪಾಯಿ ತಗೊಂಡ. ನಾಲ್ಕು ವರ್ಷದಲ್ಲಿ ನಾನು ಕೊಟ್ಟ ನೂರು ರೂಪಾಯಿಗಳಲ್ಲೆಲ್ಲ ಸಾರ್ಥಕವಾದದ್ದು ಅದೊಂದೇ.

ಆ ರಾತ್ರಿ ಅಪ್ಪನ ಜಾವಾ ನೆನಪಾಯಿತು. ಮೈಸೂರಿನಲ್ಲೇ ತಯಾರಾದ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 6 ವೋಲ್ಟಿನ ಬ್ಯಾಟರಿ, ಹೆಡ್‌ಲೈಟ್ ಲಾಟೀನಿಗಿಂತ ಸ್ವಲ್ಪ ವಾಸಿ. ಆದರೆ ಅದರಲ್ಲಿ ಒಂದು ಪುಟ್ಟ ಕೆಂಪು ದೀಪ ಇತ್ತು. ಕೀ ಹಾಕಿದರೆ ಹತ್ತಬೇಕು, ಎಂಜಿನ್ ವೇಗ ಹಿಡಿದಾಗ ಆರಬೇಕು. ಆರದಿದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ ಅಂತ ಅರ್ಥ. ಟ್ಯಾಂಕಿನ ಮೇಲೆ ಕೂತ ನನ್ನ ಕೆಲಸ ಅದನ್ನು ನೋಡುವುದು. "ಆರ್ತಾ?" ಅಂತ ಅಪ್ಪ ಹಿಂದಿನಿಂದ ಕೇಳುತ್ತಿದ್ದರು. "ಆರ್ತು" ಅನ್ನುತ್ತಿದ್ದೆ. ಆಮೇಲೆ ಗೇರ್ ಬದಲಾಗುತ್ತಿತ್ತು. ಅವರಿಗೂ ಅದು ಕಾಣುತ್ತಿತ್ತು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ನನ್ನ ಬೈಕಿನಲ್ಲಿ ಡಿಜಿಟಲ್ ಮೀಟರ್ ಇದೆ. ಗಂಟೆ ತೋರಿಸುತ್ತದೆ, ಅದೂ ಬ್ಯಾಟರಿ ಸತ್ತಾಗಲೆಲ್ಲ ಮತ್ತೆ ಹನ್ನೆರಡರಿಂದ ಶುರು. ಊಟ ಹೋಗುತ್ತಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ತೋರಿಸುವುದಿಲ್ಲ.

ಹಾಗಾಗಿ ಎಸ್.ಪಿ. ರೋಡಿಗೆ ಹೋಗಿ ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ತಂದೆ. ನಿನ್ನೆ ಭಾನುವಾರ ಸೀಟು ಬಿಚ್ಚಿ ಕೂತೆ. ಮೊದಲ ಅಳತೆ: ಮೈನಸ್ 12.7 ವೋಲ್ಟ್. ಬ್ಯಾಟರಿ ಸಾಲದಲ್ಲಿದೆ ಅಂದುಕೊಂಡೆ. ಕೆಂಪು ಕಡ್ಡಿ, ಕಪ್ಪು ಕಡ್ಡಿ ಅದಲುಬದಲಾಗಿತ್ತು. ಮೇಲಿನ ಮನೆಯ ಅಂಕಲ್ ಕಾಫಿ ಲೋಟದ ಜೊತೆ ಇಳಿದು ಬಂದು, "ಪ್ಲಗ್ ಕ್ಲೀನ್ ಮಾಡಿದ್ರಾ?" ಅಂದರು. ಅವರು ಎಲ್ಲದಕ್ಕೂ ಅದನ್ನೇ ಕೇಳುವುದು. ನಮ್ಮ ಫ್ರಿಜ್ಜು ಕೆಟ್ಟಾಗಲೂ ಕೇಳಿದ್ದರು.

12.7 ಅಂದರೆ ಹೊಟ್ಟೆ ತುಂಬಿದ ಬ್ಯಾಟರಿ. ಎಂಜಿನ್ ಓಡುತ್ತಿರುವಾಗ, ಆಕ್ಸಿಲರೇಟರ್ ಕೊಟ್ಟರೆ ಇದು 14ರ ಆಸುಪಾಸಿಗೆ ಏರಬೇಕು. ಸ್ಟಾರ್ಟ್ ಮಾಡಿದೆ. 12.4. ಆಕ್ಸಿಲರೇಟರ್ ತಿರುಗಿಸಿದೆ. 12.3. ಲೈಟ್ ಹಾಕಿದೆ. 12. ನನ್ನ ಉಳಿತಾಯ ಖಾತೆಯನ್ನೇ ನೋಡಿದ ಹಾಗಾಯಿತು. ಹೋಗುವುದಷ್ಟೇ, ಬರುವುದಿಲ್ಲ.

ಊಟ ಬರುವ ದಾರಿ ಹೀಗೆ: ಎಂಜಿನ್ ಪಕ್ಕದ ಕಾಯಿಲ್ ಎಸಿ ಕರೆಂಟ್ ಹುಟ್ಟಿಸುತ್ತದೆ, ಅದು ಮೂರು ಹಳದಿ ವೈರುಗಳಲ್ಲಿ ಆರ್‌ಆರ್ ಯೂನಿಟ್ ಎಂಬ ಡಬ್ಬಿಗೆ ಹೋಗುತ್ತದೆ, ಡಬ್ಬಿ ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಬಡಿಸುತ್ತದೆ. ಕಾಯಿಲ್ ಸುಟ್ಟಿದ್ದರೆ ಸಾವಿರಗಟ್ಟಲೆ ಖರ್ಚು. ದೇವರ ಹೆಸರು ಹೇಳಿ, ಆ ವೈರುಗಳನ್ನು ಡಬ್ಬಿಗೆ ಜೋಡಿಸುವ ಕಪ್ಲರ್ ಹಿಡಿದು ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ. ಬಂದದ್ದು ಕಪ್ಲರಲ್ಲ, ಸೀದುಹೋದ ಹೋಳಿಗೆಯಂಥ ಒಂದು ಮುದ್ದೆ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು, ಮೂರರಲ್ಲಿ ಎರಡು ಪಿನ್ ಕರ್ರಗೆ. ಪಿನ್ ಸಡಿಲವಾದರೆ ಬಿಸಿಯಾಗುತ್ತದೆ, ಬಿಸಿಯಾದರೆ ಇನ್ನೂ ಸಡಿಲ. ಎಷ್ಟು ವರ್ಷದಿಂದ ಒಳಗೊಳಗೇ ಬೇಯುತ್ತಿತ್ತೋ. ಕಾಯಿಲ್ ಕಡೆ ಎಸಿ ಅಳೆದರೆ ಮೂರು ಜೋಡಿಯಲ್ಲೂ ಒಂದೇ ಅಳತೆ. ಅದು ಪಾಪ ಅಡುಗೆ ಮಾಡುತ್ತಲೇ ಇತ್ತು, ಬಾಗಿಲಲ್ಲಿ ತಡೆದವನು ಇವನು.

ಕಪ್ಲರಿಗೆ 60 ರೂಪಾಯಿ. ಕರಿ ಹಿಡಿದ ವೈರು ಕತ್ತರಿಸಿ, ಹೊಸ ಪಿನ್ ಹಾಕಿ, ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಕೊಟ್ಟೆ: 14.2. "ಆರ್ತು" ಅಂತ ಬಾಯಿಗೆ ಬಂತು. ಅಂಕಲ್ "ಏನು?" ಅಂದರು. "ಪ್ಲಗ್ ಕ್ಲೀನ್ ಮಾಡಿದೆ ಅಂಕಲ್" ಅಂದೆ. ಖುಷಿಯಾಗಿ ಮೇಲೆ ಹೋದರು.

ಇವತ್ತು ಬೆಳಿಗ್ಗೆ ಬೇಕೆಂದೇ ಮೆಕ್ಯಾನಿಕ್ ಅಂಗಡಿ ಮುಂದೆ ನಿಲ್ಲಿಸಿದೆ. ಕರಗಿದ ಕಪ್ಲರ್ ಜೇಬಿನಲ್ಲಿತ್ತು. ಮುಖಕ್ಕೆ ಹಿಡಿದು ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಹೇಳಿ ನೋಡಿಕೊಂಡಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಬಂದು, ಕೀ ಆನ್ ಮಾಡಿ, ತಲೆ ವಾಲಿಸಿ, ಹೆಬ್ಬೆಟ್ಟು ಇಟ್ಟ. ಪೀಂಂಂಂಂ. ಬೇಕರಿಯವರು ಬೆಚ್ಚಿದರು. ಅವನ ಮುಖ ಅರಳಿತು.

"ನಾನು ಹೇಳ್ಲಿಲ್ವಾ ಸಾರ್! ಹೊಸ ಬ್ಯಾಟ್ರಿ ಹಾಕಿದ್ಮೇಲೆ ಹೆಂಗ್ ಕೂಗ್ತಾ ಇದೆ ನೋಡಿ!"

ಜೇಬಿಗೆ ಹೋಗಿದ್ದ ಕೈಯನ್ನು ಸುಮ್ನೆ ವಾಪಸ್ ತೆಗೆದೆ. ಬಲಗಡೆ ಇಂಡಿಕೇಟರ್ ಹಾಕಿದೆ. ಅದು ಮಿನುಗುತ್ತಿರುವಾಗಲೇ ಅವನ ಅಂಗಡಿ ಮುಂದೆ ಉದ್ದಕ್ಕೆ ಒಂದು ಹಾರ್ನ್ ಹೊಡೆದು, ಬ್ರೇಕನ್ನೂ ಒಂದು ಸಲ ಒತ್ತಿ ನೋಡಿ ಹೊರಟೆ.