ಅಜ್ಜಿಯ ಹುಟ್ಟೂರು, ಮೊಮ್ಮಗನ ಜೆರ್ಸಿ

2025ರ ನವೆಂಬರ್ 18ರಂದು ಢಾಕಾದಲ್ಲಿ ಭಾರತ ತಂಡ ಬಾಂಗ್ಲಾದೇಶದ ಎದುರು 0-1ರಿಂದ ಸೋತಿತು. 2003ರ ನಂತರ ಬಾಂಗ್ಲಾ ನಮ್ಮನ್ನು ಫುಟ್ಬಾಲ್‌ನಲ್ಲಿ ಸೋಲಿಸಿದ್ದು ಅದೇ ಮೊದಲು. ಅವರ ಮಿಡ್‌ಫೀಲ್ಡ್‌ನಲ್ಲಿ ಹಂಝಾ ಚೌಧುರಿ ಇದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿ, ಲೆಸ್ಟರ್ ಸಿಟಿಯಲ್ಲಿ ಆಟ ಕಲಿತು, ಇಂಗ್ಲೆಂಡ್ ಅಂಡರ್-21 ತಂಡಕ್ಕೂ ಆಡಿದವರು. ಬ್ರಿಟಿಷ್ ಪಾಸ್‌ಪೋರ್ಟ್ ಬಿಡದೆಯೇ 2024ರಲ್ಲಿ ಬಾಂಗ್ಲಾ ಪಾಸ್‌ಪೋರ್ಟ್ ಪಡೆದರು. ನಮ್ಮ ಕಡೆಯಿಂದ ಆಡಬೇಕಿದ್ದ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಅಂದು ಆಡಲಿಲ್ಲ. ಕೆಲವೇ ದಿನಗಳ ಹಿಂದೆ ಬೆಂಗಳೂರಿನಲ್ಲಿ ಸುನಿಲ್ ಛೆಟ್ರಿ ಕೈಯಿಂದ ಭಾರತದ ಪಾಸ್‌ಪೋರ್ಟ್ ಪಡೆದಿದ್ದರು. ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂಡ ಬದಲಿಸಲು ವಿಶ್ವ ಫುಟ್ಬಾಲ್ ಸಂಸ್ಥೆ ಫೀಫಾ ಕೊಡಬೇಕಿದ್ದ ಒಪ್ಪಿಗೆ ಮಾತ್ರ ಪಂದ್ಯದ ಹೊತ್ತಿಗೆ ಬಂದಿರಲಿಲ್ಲ.

ಅದೇ ದಿನ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕುರಸಾವೊ ಎಂಬ ಪುಟ್ಟ ದ್ವೀಪ 0-0 ಡ್ರಾ ಮಾಡಿಕೊಂಡು 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅಲ್ಲಿನ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ತಂಡದ ಬಹುತೇಕ ಎಲ್ಲರೂ ಹುಟ್ಟಿದ್ದು ನೆದರ್ಲ್ಯಾಂಡ್ಸ್‌ನಲ್ಲಿ. ಅಪ್ಪ, ಅಮ್ಮ, ಅಜ್ಜ, ಅಜ್ಜಿಯರ ಬೇರು ದ್ವೀಪದಲ್ಲಿ.

ಇಂಥ ಫಲಿತಾಂಶ ಬಂದಾಗಲೆಲ್ಲ ನಮ್ಮಲ್ಲಿ ಏಳುವ ಮಾತು ಒಂದೇ: "ಒಸಿಐ ಕಾರ್ಡ್ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇರುವವರನ್ನು ಆಡಿಸಿ, ಕ್ರೀಡಾ ಸಚಿವಾಲಯ ಅಡ್ಡಗಾಲು ಹಾಕಬಾರದು." ಆಸೆ ಸರಿ, ತಟ್ಟುತ್ತಿರುವ ಬಾಗಿಲು ತಪ್ಪು. ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ದೇಶಕ್ಕೆ ಆಡಬೇಕು ಎಂಬ ಸಚಿವಾಲಯದ ನಿಯಮ 2008ರದ್ದು, ನಿಜ. ಅದನ್ನು ನಾಳೆ ಬೆಳಿಗ್ಗೆ ರದ್ದು ಮಾಡಿದರೂ ಫುಟ್ಬಾಲ್‌ನಲ್ಲಿ ಏನೂ ಬದಲಾಗುವುದಿಲ್ಲ. ಒಂದು ದೇಶಕ್ಕೆ ಆಡುವವನಿಗೆ ಆ ದೇಶದ ಕಾಯಂ ಪೌರತ್ವ ಇರಬೇಕು, ಅದು ಅಲ್ಲಿ ವಾಸವಿರುವುದರ ಮೇಲೆ ನಿಂತಿರಬಾರದು ಎಂಬುದು ಫೀಫಾದ ಮೂಲ ನಿಯಮ. ಒಸಿಐ ಹೆಸರಲ್ಲಿ 'ನಾಗರಿಕ' ಎಂದಿದ್ದರೂ ಅದು ಪೌರತ್ವವಲ್ಲ. ಜೀವನಪರ್ಯಂತದ ವೀಸಾ ಮತ್ತು ಕೆಲವು ಸವಲತ್ತು, ಅಷ್ಟೇ. ಇನ್ನು ಎರಡು ಪೌರತ್ವ ಇಟ್ಟುಕೊಳ್ಳಲು ಬಿಡದಿರುವುದು ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್. ಫುಟ್ಬಾಲ್‌ಗಾಗಿ ಯಾವ ಸರ್ಕಾರವೂ ಅದಕ್ಕೆ ಕೈ ಹಾಕುವುದಿಲ್ಲ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಇರುವ ಕಾನೂನಿನಲ್ಲೇ ದಾರಿ ಇದೆ. ನಾವು ಆ ದಾರಿಯಲ್ಲಿ ನಡೆಯಲು ಶುರು ಮಾಡುವುದು ತುಂಬಾ ತಡವಾಗಿ, ಅದೇ ತೊಂದರೆ. ಜಪಾನಿನಲ್ಲಿ ಹುಟ್ಟಿದ, ಭಾರತೀಯ ತಂದೆಯ ಮಗ ಅರಾತಾ ಇಝುಮಿ ಜಪಾನ್ ಪೌರತ್ವ ಬಿಟ್ಟು ಭಾರತೀಯರಾಗಿದ್ದು 2012ರಲ್ಲಿ. ಆಗ ಅವರಿಗೆ ಮೂವತ್ತು. ರಯಾನ್ ವಿಲಿಯಮ್ಸ್‌ಗೆ ಪಾಸ್‌ಪೋರ್ಟ್ ಸಿಕ್ಕಾಗ ಮೂವತ್ತೆರಡು. ಇಬ್ಬರೂ ದೊಡ್ಡ ತ್ಯಾಗ ಮಾಡಿ ಬಂದವರು. ಆದರೆ ಒಬ್ಬ ಫುಟ್ಬಾಲಿಗನ ಅತ್ಯುತ್ತಮ ವರ್ಷಗಳು ಅಷ್ಟರೊಳಗೆ ಕಳೆದಿರುತ್ತವೆ.

ಫೀಫಾ ಏನು ಕೇಳುತ್ತದೆ ನೋಡೋಣ. ಹೊಸದಾಗಿ ಒಂದು ದೇಶದ ಪೌರತ್ವ ಪಡೆದವನು ಆ ದೇಶಕ್ಕೆ ಆಡಬೇಕಾದರೆ ಇವುಗಳಲ್ಲಿ ಒಂದು ಸಾಕು: ಅವನು ಅಲ್ಲಿ ಹುಟ್ಟಿರಬೇಕು, ಇಲ್ಲವೇ ಹೆತ್ತ ತಂದೆ ಅಥವಾ ತಾಯಿ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಜ್ಜ ಅಥವಾ ಅಜ್ಜಿ ಅಲ್ಲಿ ಹುಟ್ಟಿರಬೇಕು. ಯಾವುದೂ ಇಲ್ಲದಿದ್ದರೆ ಆ ನೆಲದಲ್ಲಿ ಐದು ವರ್ಷ ಬಾಳಿರಬೇಕು (ಹತ್ತು ವರ್ಷ ತುಂಬುವ ಮೊದಲೇ ಬಂದ ಮಗುವಿಗೆ ಮೂರು ವರ್ಷ). ಇಲ್ಲಿ ರಕ್ತ, ಜಾತಿ, ಮನೆತನ, ಮನೆಯಲ್ಲಿ ಆಡುವ ಭಾಷೆ ಯಾವುದೂ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಹುಟ್ಟಿದ ಜಾಗ. ಮುತ್ತಜ್ಜ ಮಂಗಳೂರಿನವರು ಅಂದರೆ ಒಸಿಐ ಸಿಗುತ್ತದೆ, ಏಕೆಂದರೆ ನಮ್ಮ ಕಾನೂನು ಮರಿಮಕ್ಕಳವರೆಗೂ ಹೋಗುತ್ತದೆ. ಫೀಫಾ ಮಾತ್ರ ಮೊಮ್ಮಕ್ಕಳಲ್ಲೇ ನಿಲ್ಲುತ್ತದೆ. ಅಜ್ಜ-ಅಜ್ಜಿ ನಾಲ್ವರೂ ನೈರೋಬಿಯಲ್ಲೋ ಸಿಂಗಪುರದಲ್ಲೋ ಹುಟ್ಟಿದವರಾದರೆ, ಮನೆಯಲ್ಲಿ ಇಂದಿಗೂ ತುಳು ಆಡುತ್ತಿದ್ದರೂ ಆ ಹುಡುಗ ಇಲ್ಲಿ ಐದು ವರ್ಷ ಕಳೆಯಲೇಬೇಕು.

ಈಗ ಒಂದು ಕಲ್ಪಿತ ಮನೆಯನ್ನು ಹತ್ತಿರದಿಂದ ನೋಡೋಣ. ಅಜ್ಜಿ 1938ರಲ್ಲಿ ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಮನೆಯಲ್ಲಿ ಹುಟ್ಟಿದವರು. ಮದುವೆಯಾಗಿ ಅರವತ್ತರ ದಶಕದಲ್ಲಿ ಆಸ್ಟ್ರೇಲಿಯಾದ ಪರ್ತ್‌ಗೆ ಹೋದರು. ಅಲ್ಲೇ ಪೌರತ್ವ ತೆಗೆದುಕೊಂಡ ಮೇಲೆ ಮಗಳು ಹುಟ್ಟಿದಳು. ಮಗಳ ಮಗ ಈಗ ಹದಿಮೂರರವನು, ಅಲ್ಲಿನ ಅಕಾಡೆಮಿಯಲ್ಲಿ ಆಡುತ್ತಿದ್ದಾನೆ. ಕೆಜಿಎಫ್, ವೈಟ್‌ಫೀಲ್ಡ್, ಕುಕ್ ಟೌನ್‌ಗಳಿಂದ ಆಸ್ಟ್ರೇಲಿಯಾಕ್ಕೂ ಇಂಗ್ಲೆಂಡಿಗೂ ಹೋದ ಇಂಥ ಕುಟುಂಬಗಳು ಕಡಿಮೆಯೇನಿಲ್ಲ. ರಯಾನ್ ಅವರ ತಾಯಿಯದೂ ಮುಂಬೈಯ ಇಂಥದೇ ಕುಟುಂಬ. ರಯಾನ್ ಅವರ ತಾತ ಲಿಂಕನ್ ಗ್ರೊಸ್ಟೇಟ್ ಐವತ್ತರ ದಶಕದಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯಲ್ಲಿ ಬಾಂಬೆಗೆ ಆಡಿದವರು.

ಈ ಹುಡುಗನ ಬಗ್ಗೆ ಫೀಫಾಗೆ ತಕರಾರಿಲ್ಲ, ಅಜ್ಜಿ ಹುಟ್ಟಿದ್ದು ಭಾರತದಲ್ಲಿ. ತೊಡಕು ನಮ್ಮ ಪೌರತ್ವ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ. ಹುಡುಗನ ತಂದೆ ಅಥವಾ ತಾಯಿಯೇ ಹಿಂದೆ ಸ್ವತಂತ್ರ ಭಾರತದ ಪ್ರಜೆಯಾಗಿದ್ದರೆ ದಾರಿ ಹತ್ತಿರ: ಹದಿನೆಂಟು ತುಂಬಿರಬೇಕು, ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಇಲ್ಲಿ ವಾಸವಿರಬೇಕು. ಇವನ ತಾಯಿ ಭಾರತದ ಪ್ರಜೆಯಾಗಿರಲೇ ಇಲ್ಲ, ಹಾಗಾಗಿ ಆ ಕಲಮು ದಕ್ಕುವುದಿಲ್ಲ. ಉಳಿಯುವುದು ಇನ್ನೊಂದು: ಒಸಿಐ ಆಗಿ ಐದು ವರ್ಷ ತುಂಬಿರಬೇಕು, ಜೊತೆಗೆ ಅದೇ ಹನ್ನೆರಡು ತಿಂಗಳ ವಾಸ.

ಒಸಿಐ ಕಾರ್ಡಿನ ಬೆಲೆ ಇರುವುದು ಇಲ್ಲಿ. ಅದು ಕೈಗೆ ಬಂದ ದಿನದಿಂದ ಐದು ವರ್ಷದ ಲೆಕ್ಕ ಶುರು. ಹದಿಮೂರಕ್ಕೆ ಮಾಡಿಸಿದರೆ ಹದಿನೆಂಟಕ್ಕೆ ಆ ಷರತ್ತು ಮುಗಿದಿರುತ್ತದೆ. ಇಪ್ಪತ್ತೆರಡರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್ಬಿನಿಂದ ಕರೆ ಬಂದಾಗ ಮಾಡಿಸಿದರೆ ಇಪ್ಪತ್ತೇಳು. ಆಮೇಲೆ ಅರ್ಜಿ ಜಿಲ್ಲಾಧಿಕಾರಿ ಕಚೇರಿಯಿಂದ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗಿ, ಪರಿಶೀಲನೆ ಮುಗಿದು, ಅಲ್ಲಿಂದ ಒಪ್ಪಿಗೆ ಬಂದು, ಹಳೆಯ ಪೌರತ್ವ ಬಿಟ್ಟ ದಾಖಲೆ ಕೊಡುವಷ್ಟರಲ್ಲಿ ಇನ್ನಷ್ಟು ಕಾಲ. ವಿದೇಶದಲ್ಲಿರುವ ನಮ್ಮವರ ಮಗ ಅಥವಾ ಮಗಳು ಚೆನ್ನಾಗಿ ಆಡುತ್ತಿದ್ದರೆ ಒಸಿಐ ಇವತ್ತೇ ಮಾಡಿಸಿ. ಮುಂದೆ ಯಾವ ದೇಶಕ್ಕೆ ಆಡಬೇಕು ಅನ್ನುವುದು ಆಮೇಲಿನ ಮಾತು. ಒಸಿಐ ಮಾಡಿಸಿದ್ದರಿಂದ ಆಸ್ಟ್ರೇಲಿಯಾಕ್ಕೋ ಇಂಗ್ಲೆಂಡಿಗೋ ಆಡಲು ಯಾವ ಅಡ್ಡಿಯೂ ಇಲ್ಲ.

ಹುಟ್ಟಿನ ದಾಖಲೆಯೂ ಆಗಲೇ ಕೂಡಬೇಕು. ಆ ಕೆಜಿಎಫ್ ಅಜ್ಜಿಯಿಂದ ಮೊಮ್ಮಗನವರೆಗೆ ಸರಪಳಿ ಕಟ್ಟಲು ಐದು ಕಾಗದ ಬೇಕು: ಅಜ್ಜಿಯ ಜನನ ದಾಖಲೆ, ಅಜ್ಜಿಯ ಮದುವೆ ದಾಖಲೆ, ಮಗಳ ಜನನ ಪ್ರಮಾಣಪತ್ರ, ಮಗಳ ಮದುವೆ ದಾಖಲೆ, ಮೊಮ್ಮಗನ ಜನನ ಪ್ರಮಾಣಪತ್ರ. ಜನ ಮರೆಯುವುದು ಮದುವೆಯ ಕಾಗದ. ಅಜ್ಜಿಯ ಜನನ ದಾಖಲೆಯಲ್ಲಿ ತವರಿನ ಹೆಸರು, ಮಗಳ ಪ್ರಮಾಣಪತ್ರದಲ್ಲಿ ಗಂಡನ ಮನೆ ಹೆಸರು. ನಡುವೆ ಮದುವೆಯ ಕಾಗದ ಇಲ್ಲದಿದ್ದರೆ ಇಬ್ಬರೂ ಒಬ್ಬರೇ ಎಂದು ತೋರಿಸಲು ಆಗುವುದಿಲ್ಲ. ಇನ್ನು ಹುಟ್ಟಿದ ಜಾಗ. ಒಂದು ಕಾಗದದಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್, ಇನ್ನೊಂದರಲ್ಲಿ ಅಲ್ಲಿಯದೇ ಉರಿಗಾಂ, ಆಸ್ಟ್ರೇಲಿಯಾದ ಪೌರತ್ವದ ಕಡತದಲ್ಲಿ ಬರೀ ಬೆಂಗಳೂರು ಎಂದಿದ್ದರೆ ಪರಿಶೀಲನೆ ಮಾಡುವವರು ಕೇಳಿಯೇ ಕೇಳುತ್ತಾರೆ.

ನಮ್ಮ ಜನನ-ಮರಣ ನೋಂದಣಿ ಕಾಯ್ದೆ 1969ರದ್ದು. ಅದಕ್ಕೂ ಹಿಂದೆ ಹುಟ್ಟಿದವರದು ಎಷ್ಟೋ ಸಲ ದಾಖಲಾಗಿಯೇ ಇರುವುದಿಲ್ಲ. ಆಗ ಮೊದಲು ನೋಂದಣಾಧಿಕಾರಿಯಿಂದ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ ಪಡೆಯಿರಿ. ಕ್ರೈಸ್ತರಾದರೆ ಚರ್ಚಿನ ಜ್ಞಾನಸ್ನಾನದ ರಿಜಿಸ್ಟರ್ ತುಂಬಾ ಬೆಲೆಬಾಳುವ ಸಾಕ್ಷಿ, ಅದರ ದೃಢೀಕೃತ ನಕಲು ತೆಗೆಸಿ. ಉಳಿದವರು ಶಾಲೆಯ ದಾಖಲಾತಿ ಪುಸ್ತಕ, ಟಿಸಿ, ಹಳೆಯ ಭಾರತೀಯ ಪಾಸ್‌ಪೋರ್ಟ್ ಹುಡುಕಬೇಕು. ಅಜ್ಜಿ ಊರು ಬಿಟ್ಟಾಗ ಹಿಡಿದು ಹೋದ ಪಾಸ್‌ಪೋರ್ಟ್ ಯಾವುದೋ ಟ್ರಂಕಿನಲ್ಲಿದ್ದರೆ ಅದನ್ನು ದಯವಿಟ್ಟು ಎಸೆಯಬೇಡಿ. ಹುಟ್ಟೂರಿಗೂ ಅದೇ ಸಾಕ್ಷಿ, ಅವರು ಭಾರತದ ಪ್ರಜೆಯಾಗಿದ್ದರು ಎಂಬುದಕ್ಕೂ ಅದೇ ಸಾಕ್ಷಿ. ತಡವಾದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅಲ್ಲಿಯೂ ಇವೇ ಕಾಗದಗಳು ಕೆಲಸಕ್ಕೆ ಬರುತ್ತವೆ.

ಇಷ್ಟೊಂದು ಕಾಗದದ ಮಾತೇಕೆ ಅನ್ನುವವರು ಮಲೇಷ್ಯಾದ ಕಡೆ ನೋಡಬೇಕು. 2025ರ ಜೂನ್ 10ರಂದು ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಮಲೇಷ್ಯಾ ವಿಯೆಟ್ನಾಂ ಅನ್ನು 4-0ರಿಂದ ಸೋಲಿಸಿತು. ಹೊಸದಾಗಿ ಪೌರತ್ವ ಪಡೆದ ಏಳು ಆಟಗಾರರ ಅಜ್ಜ ಅಥವಾ ಅಜ್ಜಿ ಪೆನಾಂಗ್, ಮಲಕ್ಕಾ, ಜೊಹೊರ್, ಸರವಾಕ್‌ಗಳಲ್ಲಿ ಹುಟ್ಟಿದವರು ಎಂದು ದಾಖಲೆ ಕೊಡಲಾಗಿತ್ತು. ದೂರು ಬಂದಾಗ ಫೀಫಾ ನೇರವಾಗಿ ಅರ್ಜೆಂಟೀನಾ, ಬ್ರೆಜಿಲ್, ಸ್ಪೇನ್, ನೆದರ್ಲ್ಯಾಂಡ್ಸ್‌ನ ಮೂಲ ದಾಖಲೆಗಳನ್ನೇ ತರಿಸಿತು. ಏಳೂ ಅಜ್ಜ-ಅಜ್ಜಿಯರು ಹುಟ್ಟಿದ್ದು ಅಲ್ಲೇ. ಮೂಲ ಕೈಬರಹದ ದಾಖಲೆ ತನಗೆ ಸಿಕ್ಕಿರಲಿಲ್ಲ, ಬೇರೆ ಮಾಹಿತಿಯ ಮೇಲೆ ನಕಲು ಕೊಟ್ಟೆವು ಎಂದು ಮಲೇಷ್ಯಾದ ನೋಂದಣಿ ಇಲಾಖೆ ಒಪ್ಪಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಫೀಫಾದ ಶಿಸ್ತು ಸಮಿತಿ ಮಲೇಷ್ಯಾ ಫುಟ್ಬಾಲ್ ಸಂಸ್ಥೆಗೆ 3,50,000 ಸ್ವಿಸ್ ಫ್ರಾಂಕ್, ಒಬ್ಬೊಬ್ಬ ಆಟಗಾರನಿಗೆ 2,000 ಫ್ರಾಂಕ್ ದಂಡ ಹಾಕಿ, ಏಳೂ ಜನರನ್ನು ಹನ್ನೆರಡು ತಿಂಗಳು ನಿಷೇಧಿಸಿತು. ಫೀಫಾದ ಮೇಲ್ಮನವಿ ಸಮಿತಿಯೂ ನವೆಂಬರ್‌ನಲ್ಲಿ ಅದನ್ನೇ ಎತ್ತಿಹಿಡಿಯಿತು. ಅಜ್ಜಿಯ ಹೆಸರಿನ ಒಂದು ಕಾಗದ ಸುಳ್ಳಾದರೆ ಇಡೀ ದೇಶದ ಆಟ ಬೀದಿಗೆ ಬೀಳುತ್ತದೆ.

ಇನ್ನೊಂದು ಅಪಾಯ ನಮ್ಮಲ್ಲಿ ಯಾರೂ ಹೇಳುತ್ತಿಲ್ಲ. ಸ್ನೇಹಪರ ಪಂದ್ಯ ಎಷ್ಟು ಆಡಿದರೂ ಆಟಗಾರ ಒಂದು ದೇಶಕ್ಕೆ ಕಟ್ಟುಬೀಳುವುದಿಲ್ಲ. ರಯಾನ್ 2019ರಲ್ಲಿ ಆಸ್ಟ್ರೇಲಿಯಾದ ಸೀನಿಯರ್ ತಂಡಕ್ಕೆ ಆಡಿದ್ದು ಅಂಥದೊಂದು ಪಂದ್ಯ. ಅಧಿಕೃತ ಟೂರ್ನಿಯ ಪಂದ್ಯವಾದರೆ ಮಾತು ಬೇರೆ. 2020ರಲ್ಲಿ ಫೀಫಾ ನಿಯಮ ಸಡಿಲಿಸಿ, 21 ತುಂಬುವ ಮೊದಲು ಸೀನಿಯರ್ ತಂಡಕ್ಕೆ ಮೂರಕ್ಕಿಂತ ಹೆಚ್ಚು ಪಂದ್ಯ ಆಡಿಲ್ಲದಿದ್ದರೆ, ವಿಶ್ವಕಪ್ ಅಥವಾ ಖಂಡದ ಟೂರ್ನಿಯ ಅಂತಿಮ ಹಂತದಲ್ಲಿ ಆಡಿಲ್ಲದಿದ್ದರೆ, ಮೂರು ವರ್ಷ ಬಿಟ್ಟು ದೇಶ ಬದಲಿಸಬಹುದು ಎಂದಿತು. 2014ರಲ್ಲಿ ಸ್ಪೇನ್ ಪರ ಒಂದೇ ಒಂದು ಪಂದ್ಯದ ಕೊನೆಯ ಕೆಲವು ನಿಮಿಷ ಆಡಿ ಸಿಕ್ಕಿಕೊಂಡಿದ್ದ ಮುನೀರ್ ಎಲ್ ಹದ್ದಾದಿ, ಆ ಸಡಿಲಿಕೆ ಬಂದ ಮೇಲೆ 2021ರಲ್ಲಿ ಮೊರಾಕ್ಕೊಗೆ ಆಡಿದರು. ಆದರೆ ಅದರಲ್ಲೊಂದು ಷರತ್ತಿದೆ: ಮೊದಲ ದೇಶಕ್ಕೆ ಆಡುವಾಗಲೇ ಎರಡನೆಯ ದೇಶದ ಪೌರತ್ವವೂ ಇದ್ದಿರಬೇಕು. ಭಾರತೀಯ ಮೂಲದವನಿಗೆ ಅದು ಸಾಧ್ಯವೇ ಇಲ್ಲ, ಏಕೆಂದರೆ ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಹಾಗಾಗಿ ಇಂಗ್ಲೆಂಡ್ ಸೀನಿಯರ್ ತಂಡಕ್ಕೆ ಒಂದು ಅರ್ಹತಾ ಪಂದ್ಯದಲ್ಲಿ ಒಂದು ನಿಮಿಷ ಆಡಿದರೂ ಭಾರತದ ಬಾಗಿಲು ಮುಚ್ಚಿದಂತೆ. ಕಿರಿಯರ ತಂಡದಲ್ಲಿ ಆಡಿದ್ದರೆ ತೊಂದರೆಯಿಲ್ಲ, ಕೊನೆಯ ಅಧಿಕೃತ ಪಂದ್ಯ 21 ತುಂಬುವ ಮೊದಲಿನದ್ದಾಗಿದ್ದರೆ. ನೆದರ್ಲ್ಯಾಂಡ್ಸ್ ಅಂಡರ್-21ಗೆ 22ನೇ ವಯಸ್ಸಿನಲ್ಲಿ ಆಡಿದ್ದ ಗೋಲ್‌ಕೀಪರ್ ಮಾರ್ಟನ್ ಪೇಸ್, ಅಜ್ಜಿ ಪೂರ್ವ ಜಾವಾದವರಾಗಿದ್ದರೂ ಇಂಡೋನೇಷ್ಯಾಕ್ಕೆ ಆಡಲು 2024ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯದವರೆಗೆ ಹೋಗಿ ಗೆಲ್ಲಬೇಕಾಯಿತು.

ಪಾಸ್‌ಪೋರ್ಟ್ ಬಿಡುವುದು ಹುಡುಗಾಟದ ಮಾತಲ್ಲ ಎಂಬುದನ್ನೂ ಒಪ್ಪಿಕೊಳ್ಳೋಣ. ಬ್ರಿಟಿಷ್ ಪೌರತ್ವ ಬಿಟ್ಟವನಿಗೆ ತನ್ನ ಊರಿನ ಕ್ಲಬ್ಬಿಗೆ ಆಡಲೂ ವೀಸಾ ಬೇಕು. ಅದಕ್ಕೆ ಅಂಕಗಳ ಲೆಕ್ಕ ಇದೆ, ಆ ಲೆಕ್ಕದಲ್ಲಿ ರಾಷ್ಟ್ರೀಯ ತಂಡಕ್ಕೆ ಆಡಿದ್ದಕ್ಕೆ ಅಂಕ ಸಿಗುವುದು ಫೀಫಾ ರ್‍ಯಾಂಕಿಂಗ್‌ನ ಮೇಲಿನ ದೇಶಗಳಿಗೆ. ನಾವಿರುವುದು 130ರ ಆಚೆ. ಇಂಥ ಬೆಲೆ ತೆರುವವನನ್ನು "ಆಸ್ಟ್ರೇಲಿಯಾದಲ್ಲಿ ಸಲ್ಲದವನು ಇಲ್ಲಿಗೆ ಬಂದ" ಎಂದು ಹಂಗಿಸುವುದು ಅನ್ಯಾಯ. 2022ರ ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊರಾಕ್ಕೊ ತಂಡದ 26 ಜನರಲ್ಲಿ 14 ಜನ ಹುಟ್ಟಿದ್ದು ಹೊರದೇಶದಲ್ಲಿ. ಅವರ ನಿಷ್ಠೆಯನ್ನು ಅಲ್ಲಿ ಯಾರು ಪ್ರಶ್ನಿಸಿದರು?

ಹಾಗಾದರೆ ನಮ್ಮ ಫುಟ್ಬಾಲ್ ಒಕ್ಕೂಟ ಎಐಎಫ್‌ಎಫ್ ಕೈಯಲ್ಲಿ ಏನಿದೆ? ಆ ಹನ್ನೆರಡು ತಿಂಗಳ ವಾಸ. ಹದಿನೆಂಟಕ್ಕಿಂತ ಮೊದಲು ಹುಡುಗನನ್ನು ದೇಶದಿಂದ ದೇಶಕ್ಕೆ ವರ್ಗಾಯಿಸಲು ಫೀಫಾ ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಅವನು ಹದಿನೆಂಟಕ್ಕೆ ಬರಬೇಕು, ಒಂದು ವರ್ಷ ಇಲ್ಲೇ ಇರಬೇಕು, ಆ ವರ್ಷ ಆಡುತ್ತಲೂ ಇರಬೇಕು. ಆದರೆ ಐಎಸ್‌ಎಲ್‌ನಲ್ಲಿ ಒಸಿಐ ಹುಡುಗನೂ ವಿದೇಶಿ ಆಟಗಾರನೇ. ಒಂದು ಕ್ಲಬ್ಬಿಗೆ ಆರು ವಿದೇಶಿಯರು, ಮೈದಾನದಲ್ಲಿ ನಾಲ್ವರು. ಆ ಆರರಲ್ಲಿ ಒಂದು ಜಾಗವನ್ನು ಯಾವ ಕೋಚ್ ತಾನೇ ಹದಿನೆಂಟರ ಹುಡುಗನಿಗೆ ಕೊಡುತ್ತಾರೆ? ಅಲ್ಲಿಗೆ ನಮ್ಮ ಪರ್ತ್ ಹುಡುಗ ಬರುವುದೇ ಇಲ್ಲ.

ಪ್ರತಿ ಕ್ಲಬ್ಬಿಗೂ ವಿದೇಶಿ ಕೋಟಾದ ಹೊರಗೆ ಒಂದು ಜಾಗ ಕೊಡಿ. ಹದಿನೆಂಟರಿಂದ ಇಪ್ಪತ್ತೊಂದರ ನಡುವಿನ ಒಸಿಐ ಆಟಗಾರನಿಗೆ ಮಾತ್ರ, ಎರಡು ಸೀಸನ್‌ಗೆ ಮಾತ್ರ, ಅಜ್ಜ-ಅಜ್ಜಿಯ ಮೂಲ ದಾಖಲೆ ಪರಿಶೀಲನೆಯಾದ ಮೇಲೆ ಮಾತ್ರ. ಎರಡು ಸೀಸನ್ ಮುಗಿಯುವುದರೊಳಗೆ ಪೌರತ್ವಕ್ಕೆ ಅರ್ಜಿ ಹಾಕದಿದ್ದರೆ ಆ ಜಾಗ ಇನ್ನೊಬ್ಬನಿಗೆ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಸಂಸತ್ತು ಸೇರಬೇಕಿಲ್ಲ. ಲೀಗ್ ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಆಯಿತು.