ಸರ್ಜನ್‌ಗಳ ಸಾವು-ಬದುಕಿನ ಲೆಕ್ಕ ಜನರ ಮುಂದೆ ಇಡಬೇಕೇ?

ಪರ: ಮುಚ್ಚಿಟ್ಟರೆ ರೋಗಿಗೇ ನಷ್ಟ

ಹೃದಯದ ಆಪರೇಷನ್‌ಗೆ ಒಪ್ಪಿಗೆ ಸಹಿ ಹಾಕುವವರಿಗೆ ಒಂದು ಪ್ರಶ್ನೆ ಕೇಳುವ ಹಕ್ಕಿದೆ. ಇಲ್ಲಿ ಈ ಆಪರೇಷನ್ ಆದವರಲ್ಲಿ ಎಷ್ಟು ಜನ ಬದುಕಿ ಮನೆಗೆ ಹೋದರು? ಎಷ್ಟೋ ಕಡೆ ಉತ್ತರ ಸಿಗುವುದಿಲ್ಲ. ಲೆಕ್ಕ ಒಳಗೆ ಇದ್ದರೂ ರೋಗಿಗೆ ತೋರಿಸುವುದಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆದದ್ದು ಇದೇ. ಹಸುಗೂಸುಗಳ ಹೃದಯದ ಆಪರೇಷನ್‌ನಲ್ಲಿ ಸಾವು ಜಾಸ್ತಿಯಾಗುತ್ತಿದೆ ಎಂದು ಅಲ್ಲಿನ ಅರಿವಳಿಕೆ ವೈದ್ಯ ಸ್ಟೀಫನ್ ಬೋಲ್ಸಿನ್ ಎಚ್ಚರಿಸಿದರು. ಆದರೂ ಆಪರೇಷನ್‌ಗಳು ನಡೆಯುತ್ತಲೇ ಹೋದವು. 1991ರಿಂದ 1995ರವರೆಗೆ, ಬೇರೆ ಸಾಮಾನ್ಯ ಕೇಂದ್ರಗಳಿಗೆ ಹೋಲಿಸಿದರೆ, ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಅಲ್ಲಿ ಹೆಚ್ಚಾಗಿ ಸತ್ತಿದ್ದರು ಎಂದು 2001ರ ವಿಚಾರಣಾ ವರದಿ ಹೇಳಿತು. ಆ ಅಪ್ಪ-ಅಮ್ಮಂದಿರಿಗೆ ಮೊದಲೇ ಗೊತ್ತಿದ್ದಿದ್ದರೆ? ಮಗುವನ್ನು ಎತ್ತಿಕೊಂಡು ಬೇರೆ ಊರಿಗೆ ಓಡುತ್ತಿದ್ದರು, ಅಲ್ವಾ?

ನ್ಯೂಯಾರ್ಕ್ ರಾಜ್ಯ ಬಾಗಿಲು ತೆರೆಯಿತು. 1990ರಲ್ಲಿ ಬೈಪಾಸ್ ಆಪರೇಷನ್‌ನ ಸಾವಿನ ಪ್ರಮಾಣವನ್ನು ಆಸ್ಪತ್ರೆವಾರು ಪ್ರಕಟಿಸಿತು. ಪತ್ರಿಕೆಯೊಂದು ಕೋರ್ಟಿಗೆ ಹೋದ ಮೇಲೆ ಸರ್ಜನ್‌ಗಳ ಹೆಸರೂ ಹೊರಬಂತು. ರೋಗಿಗಳ ವಯಸ್ಸು, ಕಾಯಿಲೆಯ ತೀವ್ರತೆ ಎಲ್ಲವನ್ನೂ ಹಿಡಿದು ಲೆಕ್ಕ ಹಾಕಿದಾಗ, 1989ರಲ್ಲಿ ಶೇ. 4.17 ಇದ್ದ ಸಾವು 1992ಕ್ಕೆ ಶೇ. 2.45ಕ್ಕೆ ಇಳಿದಿತ್ತು. ನನಗೆ ಮುಖ್ಯ ಅನಿಸುವುದು ಅದೇ ರಾಜ್ಯದ ಆಲ್ಬನಿ ನಗರದ ಒಂದು ಆಸ್ಪತ್ರೆಯ ಕಥೆ. ತನ್ನ ಅಂಕಿ ಕೆಟ್ಟದಾಗಿ ಬಂದಾಗ ಅದು ಕಾರಣ ಹುಡುಕಿತು. ತುರ್ತಾಗಿ ಬಂದವರನ್ನು ಸ್ವಲ್ಪ ಚೇತರಿಸಿಕೊಳ್ಳಲೂ ಬಿಡದೆ ಥಿಯೇಟರಿಗೆ ಒಯ್ಯುತ್ತಿದ್ದುದು ಕಂಡಿತು. ಕ್ರಮ ಬದಲಾಯಿತು. ಮರುವರ್ಷ ಅಂಥ ರೋಗಿಗಳಲ್ಲಿ ಒಬ್ಬರೂ ಸಾಯಲಿಲ್ಲ.

ವಿರೋಧ: ಹದಗೆಟ್ಟ ರೋಗಿಯನ್ನು ಯಾರು ಮುಟ್ಟುತ್ತಾರೆ?

ಬ್ರಿಸ್ಟಲ್‌ನಲ್ಲಿ ಅಂಕಿ ಇತ್ತು, ಎಚ್ಚರಿಸಿದವರೂ ಇದ್ದರು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ. ಪಟ್ಟಿ ಪ್ರಕಟಿಸಿದರೆ ಆ ಕಿವುಡು ಹೋಗುತ್ತದೆಯೇ?

ವಯಸ್ಸು 80, ಹೃದಯ ದುರ್ಬಲ, ಕಿಡ್ನಿಯೂ ಸರಿಯಿಲ್ಲ. ಆಪರೇಷನ್ ಮಾಡಿದರೆ ಬದುಕಬಹುದು, ಬಿಟ್ಟರೆ ಖಂಡಿತ ಇಲ್ಲ. ಈ ರೋಗಿ ಸತ್ತರೆ ಸರ್ಜನ್ ಹೆಸರಿನ ಮುಂದೆ ಒಂದು ಸಾವು ಸೇರುತ್ತದೆ. ಆಪರೇಷನ್ನೇ ಮಾಡದಿದ್ದರೆ ಆ ಸಾವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇದು ಬರೀ ಊಹೆಯಲ್ಲ. ಇಂಥದೇ ಪಟ್ಟಿ ಪ್ರಕಟಿಸುತ್ತಿದ್ದ ಅಮೆರಿಕದ ಇನ್ನೊಂದು ರಾಜ್ಯ ಪೆನ್ಸಿಲ್ವೇನಿಯಾದಲ್ಲಿ ನಡೆದ ಸಮೀಕ್ಷೆ 1996ರಲ್ಲಿ ಹೊರಬಂತು. ತೀರಾ ಕಷ್ಟದ ರೋಗಿಗಳ ಆಪರೇಷನ್‌ಗೆ ಮೊದಲಿನಷ್ಟು ಮನಸ್ಸಿಲ್ಲ ಎಂದು ಶೇ. 63ರಷ್ಟು ಹೃದಯ ಸರ್ಜನ್‌ಗಳು ಒಪ್ಪಿಕೊಂಡಿದ್ದರು. ಅಂಥವರಿಗೆ ಸರ್ಜನ್ ಸಿಗುವುದೇ ಕಷ್ಟವಾಗಿದೆ ಎಂದು ಶೇ. 59ರಷ್ಟು ಹೃದ್ರೋಗ ತಜ್ಞರು ಹೇಳಿದ್ದರು. ಓದಿದರೆ ಎದೆ ಝಲ್ಲೆನ್ನುತ್ತದೆ. ಪಟ್ಟಿ ಯಾರನ್ನು ಕಾಪಾಡಬೇಕಿತ್ತೋ ಅವರನ್ನೇ ಹೊರಗೆ ನಿಲ್ಲಿಸಿತು.

ಅಂಕಿಯೂ ಅಷ್ಟು ಗಟ್ಟಿಯಲ್ಲ. ವರ್ಷಕ್ಕೆ 100 ಆಪರೇಷನ್ ಮಾಡುವ ಸರ್ಜನ್‌ನ ರೋಗಿಗಳಲ್ಲಿ ಇಬ್ಬರು ಸತ್ತರೆ ಸಾವು ಶೇ. 2. ಇನ್ನಿಬ್ಬರು ಸತ್ತರೆ ಪ್ರಮಾಣ ದುಪ್ಪಟ್ಟಾಗುತ್ತದೆ. ಅಷ್ಟಕ್ಕೇ ಕೈಚಳಕ ಅರ್ಧವಾಯಿತು ಎನ್ನಲಾದೀತೇ? ಜನ ಪಟ್ಟಿ ನೋಡಿ ಆರಿಸುತ್ತಾರೆ ಎಂಬ ಮಾತೂ ನಿಲ್ಲುವುದಿಲ್ಲ. ಅದೇ ಪೆನ್ಸಿಲ್ವೇನಿಯಾದಲ್ಲಿ ಆಪರೇಷನ್ ಆದವರನ್ನು ಕೇಳಿದರೆ, ಮೊದಲೇ ಆ ವರದಿಯ ವಿಷಯ ತಿಳಿದಿದ್ದವರು ಶೇ. 12 ಮಾತ್ರ.

ಲೆಕ್ಕ ಬೇಡ ಎನ್ನುತ್ತಿಲ್ಲ. ಪ್ರತಿ ಸಾವನ್ನೂ ಬರೆದಿಡಬೇಕು, ಕೂತು ಚರ್ಚಿಸಬೇಕು. ಅಮೆರಿಕದ ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್‌ನ ಹೃದಯ ಸರ್ಜನ್‌ಗಳು ಹೀಗೇ ಮಾಡಿದರು. ಅಂಕಿಗಳನ್ನು ತಮ್ಮೊಳಗೆ ಹಂಚಿಕೊಂಡರು. ಒಬ್ಬರ ಆಸ್ಪತ್ರೆಗೆ ಇನ್ನೊಬ್ಬರು ತಂಡ ಸಮೇತ ಹೋಗಿ ಕೆಲಸ ನಡೆಯುವ ಬಗೆ ನೋಡಿದರು. ಬೈಪಾಸ್ ಸಾವು ಶೇ. 24ರಷ್ಟು ಇಳಿಯಿತು. ಯಾವ ಸರ್ಜನ್ ಹೆಸರನ್ನೂ ಪತ್ರಿಕೆಗೆ ಕೊಡಬೇಕಾಗಿ ಬರಲಿಲ್ಲ.